ಅಪ್ಪನ ಮಾರುತಿ 800ಗೆ ಕಾವಲು: ಹನ್ನೊಂದು ವಾರದ ಲೆಕ್ಕ

ಜನವರಿ 13, 2025, ಸೋಮವಾರ

ಸಂಕ್ರಾಂತಿಯ ಹಿಂದಿನ ದಿನ. ಬೆಳಿಗ್ಗೆ ಹಾಲು ತರೋಕೆ ಕೆಳಗಿಳಿದರೆ ಕಾರಿನ ಪಕ್ಕ ರಸ್ತೆ ಮೇಲೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜು. ಹಿಂದಿನ ಎಡ ಬಾಗಿಲಿನ ಗಾಜು ಪುಡಿಪುಡಿ. ಸ್ಟೀರಿಯೊ ಇದ್ದ ಜಾಗದಲ್ಲಿ ನಾಲ್ಕು ವೈರ್ ಜೋತು ಬಿದ್ದಿವೆ. ಹಿಂದಿನ ಸೀಟಿನಲ್ಲಿದ್ದ ಬ್ಯಾಗ್ ಇಲ್ಲ.

ಆ ಬ್ಯಾಗ್ ಕಥೆ ಹೇಳಲೇಬೇಕು. ಅದು ನನ್ನ ಹಳೇ ಲ್ಯಾಪ್‌ಟಾಪ್ ಬ್ಯಾಗ್. ಒಳಗೆ ಇದ್ದದ್ದು ಎರಡು ಕೆಜಿ ಎಳ್ಳು-ಬೆಲ್ಲ, ಒಂದು ಡಬ್ಬಿ ಸಕ್ಕರೆ ಅಚ್ಚು. ಅಕ್ಕನ ಮನೆಗೆ ಕೊಡಬೇಕಿತ್ತು, ರಾತ್ರಿ ಮೇಲೆ ತರೋಕೆ ಸೋಮಾರಿತನ. ಕಳ್ಳ ಗಾಜು ಒಡೆದದ್ದು ಅದನ್ನು ನೋಡಿಯೇ. ಸ್ಟೀರಿಯೊ ಹೇಗೂ ಒಳಗೆ ಕೈ ಹಾಕಿದ್ದಾಯಿತು ಅಂತ ಕಿತ್ತುಕೊಂಡು ಹೋಗಿದ್ದಾನೆ. ಒಳ್ಳೇ ಮಾತಾಡ್ತಾನೋ ಇಲ್ಲವೋ, ಎಳ್ಳು-ಬೆಲ್ಲ ಅಂತೂ ತಿಂದಿರ್ತಾನೆ.

ನಕ್ಕಿದ್ದು ಅಲ್ಲಿಗೇ ನಿಂತಿತು. ಗ್ಲೋವ್ ಬಾಕ್ಸ್ ತೆಗೆದರೆ ಆರ್‌ಸಿ (ಕಾರಿನ ನೋಂದಣಿ ಪತ್ರ) ಇಲ್ಲ, ಅದರ ಜೊತೆ ಇಟ್ಟಿದ್ದ ಮನೆಯ ಇನ್ನೊಂದು ಬೀಗದ ಕೈಯೂ ಇಲ್ಲ. ಮನೆ ವಿಳಾಸ, ಮನೆ ಕೀ ಎರಡನ್ನೂ ಒಂದೇ ಜಾಗದಲ್ಲಿ ಜೋಡಿಸಿ ಇಟ್ಟು ಕೊಟ್ಟಿದ್ದೇನೆ. ಈ ಇಡೀ ಕಥೆಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಇದೇ. ಮಧ್ಯಾಹ್ನದೊಳಗೆ ಮುಂಬಾಗಿಲಿನ ಬೀಗ ಬದಲಾಯಿಸಿದೆ, 1,650 ರೂಪಾಯಿ. ಠಾಣೆಗೆ ಹೋಗಿ ದೂರು ಕೊಟ್ಟು ಸ್ವೀಕೃತಿ ತಂದೆ; ಆರ್‌ಸಿಯ ನಕಲು ಪ್ರತಿಗೆ ಅದು ಬೇಕು. ಸರ್ಕಾರದ ಆ್ಯಪ್‌ಗಳಾದ ಡಿಜಿಲಾಕರ್, ಎಂಪರಿವಾಹನದಲ್ಲಿರುವ ಆರ್‌ಸಿ ತೋರಿಸಿದರೂ ಸಾಕು ಅಂತ 2018ರಲ್ಲೇ ಆಗಿದೆ. ಆದರೂ ಅಸಲು ಕಾರಿನಲ್ಲೇ ಇರಲಿ ಅನ್ನೋ ಅಪ್ಪನ ಕಾಲದ ಅಭ್ಯಾಸ.

ಕಾರು 2003ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರೋದು). ಅಪ್ಪ ಕೊಂಡದ್ದು. 2018ರಲ್ಲಿ, 2023ರಲ್ಲಿ ಎರಡು ಸಲ ನೋಂದಣಿ ನವೀಕರಣ ಆಗಿದೆ. ಕಾರು ತನ್ನ ಕೀಯನ್ನು ಗುರುತಿಸೋಕೆ ಕೀಯಲ್ಲಿ ಚಿಪ್ ಇಲ್ಲ, ಸೆಂಟ್ರಲ್ ಲಾಕ್ ಇಲ್ಲ. ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಮನೆಗೆ ಪಾರ್ಕಿಂಗ್ ಇಲ್ಲ, ಕಾರು ರಸ್ತೆಯಲ್ಲೇ ಮಲಗುತ್ತೆ. ವಿಮೆ ಥರ್ಡ್ ಪಾರ್ಟಿ ಮಾತ್ರ: 2,094 ರೂಪಾಯಿ, ಮೇಲೆ ಜಿಎಸ್‌ಟಿ. ಅಂದರೆ ಕಾರು ಕಳುವಾದರೆ ಒಂದು ಪೈಸೆ ಬರಲ್ಲ. ಪೂರ್ತಿ ವಿಮೆ ಮಾಡಿಸಿದರೂ ಇಷ್ಟು ಹಳೇ ಗಾಡಿಗೆ ವಿಮೆಯವರು ಕಟ್ಟುವ ಬೆಲೆ ನೋಡಿದರೆ ಅಪ್ಪನಿಗೆ ಅವಮಾನ ಆಗುತ್ತೆ. ಹಾಗಾಗಿ ಕಾವಲಿಗೆ ನಾನೇ ನಿಲ್ಲಬೇಕಾಯಿತು.

ಜನವರಿ 18, ಶನಿವಾರ: ಗಾಜು ಕೂರಿಸಿದ್ದು

800ರ ತಯಾರಿಕೆ ನಿಂತದ್ದು 2014ರಲ್ಲಿ, ಆದರೆ ಗಾಜಿಗೇನೂ ಬರ ಇಲ್ಲ. ಜೆ.ಸಿ. ರೋಡಿನಲ್ಲಿ ಮೂರನೇ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಜು 650ಕ್ಕೆ ಸಿಕ್ಕಿತು. ಚಾನೆಲ್ ರಬ್ಬರ್ ಹೊಸದು, 350. ಅಂಗಡಿಯವರು ‘ಸಾರ್, ಕರೀ ಫಿಲ್ಮ್ ಹಾಕಿಸಿಬಿಡಿ, ಒಳಗಿರೋದು ಯಾರಿಗೂ ಕಾಣಲ್ಲ’ ಅಂದರು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆ ಹಾಕಿದ್ದು ಅವರಿಗೂ ಗೊತ್ತು, ನನಗೂ ಗೊತ್ತು. ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ದಾಟಲೇಬೇಕು. ಕಳ್ಳನಿಂದ ತಪ್ಪಿಸಿಕೊಂಡು ಟ್ರಾಫಿಕ್ ಪೊಲೀಸರಿಗೆ ದಂಡ ಕಟ್ಟೋದು ಬೇಡ ಅಂತ ಬಿಟ್ಟೆ.

ಬಾಗಿಲಿನ ಪ್ಯಾಡ್ ಬಿಚ್ಚೋಕೆ ಮೊದಲು ಗಾಜು ಏರಿಸುವ ಹಿಡಿ ತೆಗೀಬೇಕು. ಹಿಡಿಯ ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಕ್ಲಿಪ್ ಇರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಿ ಪ್ಯಾಡಿಗೆ ಗೀರು ಹಾಕಿದ ಮೇಲೆ ಸರಿಯಾದ ದಾರಿ ಗೊತ್ತಾಯಿತು: ಹಳೇ ಪಂಚೆಯ ಒಂದು ಪಟ್ಟಿ ಹರಿದು ಹಿಡಿಯ ಹಿಂದೆ ತೂರಿಸಿ, ಶೂ ಪಾಲಿಶ್ ಮಾಡೋ ಹಾಗೆ ಎಡಬಲ ಎಳೆದರೆ ಕ್ಲಿಪ್ ತಾನಾಗಿ ಹಾರುತ್ತೆ. ಹಾರಿದ ಕ್ಲಿಪ್ ಹುಡುಕೋಕೆ ಹತ್ತು ನಿಮಿಷ ಬೇರೆ.

ಆಮೇಲೆ ಆತುರ ಮಾಡಿದೆ. ಸೀಟು, ಮ್ಯಾಟ್ ಎಲ್ಲಾ ವ್ಯಾಕ್ಯೂಮ್ ಮಾಡಿದೆ. ಬಾಗಿಲಿನ ಹೊಟ್ಟೆಯೊಳಗೆ ಮೇಲಿಂದ ಕೈಗೆ ಸಿಕ್ಕಷ್ಟು ಮಾತ್ರ ತೆಗೆದು ಹೊಸ ಗಾಜು ಕೂರಿಸಿಬಿಟ್ಟೆ. ಪ್ಯಾಡ್ ಮುಚ್ಚಿ ಗಾಜು ಇಳಿಸಿದರೆ ಕರಕರ ಸದ್ದು. ಚಾನೆಲ್ಲಿನಲ್ಲಿ ಉಳಿದಿದ್ದ ಚೂರು ಹೊಸ ಗಾಜಿಗೆ ಒಂದು ಗೇಣುದ್ದದ ಗೀರು ಎಳೆದಿತ್ತು. ಮತ್ತೆ ಎಲ್ಲಾ ಬಿಚ್ಚಿದೆ. ಬಾಗಿಲಿನ ತಳದಲ್ಲಿ ನೀರು ಹರಿಯೋ ತೂತುಗಳೂ ಗಾಜಿನ ಪುಡಿಯಿಂದ ಕಟ್ಟಿಕೊಂಡಿದ್ದವು. ಹಾಗೇ ಬಿಟ್ಟಿದ್ದರೆ ಮಳೆಗಾಲದಲ್ಲಿ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತಿತ್ತು. ಒಂದು ಗಂಟೆಯ ಕೆಲಸಕ್ಕೆ ಮೂರೂವರೆ ಗಂಟೆ.

ಸ್ಟೀರಿಯೊ ಮತ್ತೆ ಹಾಕಿಸಲಿಲ್ಲ. ಖಾಲಿ ಜಾಗ ಖಾಲಿಯಾಗೇ ಕಾಣಲಿ ಅಂತ ಬಿಟ್ಟಿದ್ದೇನೆ. ಗ್ಲೋವ್ ಬಾಕ್ಸ್ ಬಾಗಿಲನ್ನೂ ತೆರೆದೇ ನಿಲ್ಲಿಸುತ್ತೇನೆ. ಹಾಡಿಗೆ ಬ್ಲೂಟೂತ್ ಸ್ಪೀಕರ್, ಅದು ನನ್ನ ಜೊತೆ ಮನೆಗೆ ಬರುತ್ತೆ.

ಜನವರಿ 26, ಭಾನುವಾರ: ಸ್ಟೀರಿಂಗ್ ಲಾಕ್, ಆಮೇಲೆ ಗೇರ್ ಲಾಕ್

ಆನ್‌ಲೈನಿನಲ್ಲಿ 850ಕ್ಕೆ ಕೆಂಪು ಬಣ್ಣದ ಸ್ಟೀರಿಂಗ್ ರಾಡ್ ತರಿಸಿದೆ. ನೋಡೋಕೆ ಭರ್ಜರಿ. ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನನ್ನು ಕರೆದು ‘ಬಿಚ್ಚು ನೋಡೋಣ’ ಅಂದೆ. ಕೀ ಇಲ್ಲದೆ, ಯಾವ ಆಯುಧವೂ ಇಲ್ಲದೆ, ರಾಡನ್ನು ಸ್ವಲ್ಪ ಓರೆ ಮಾಡಿ ಎಳೆದ. ಬಂತು. 800ರ ಸ್ಟೀರಿಂಗ್ ವೀಲಿನ ರಿಮ್ ಈಗಿನ ಕಾರುಗಳದಷ್ಟು ದಪ್ಪ ಇಲ್ಲ, ರಾಡಿನ ಕೊಕ್ಕೆಯೊಳಗೆ ಬೆರಳು ತೂರುವಷ್ಟು ಸಡಿಲ. ‘ಮಾಮ, ಇದು ಕಳ್ಳನಿಗೆ ಹೊಡೆಯೋಕೆ ಚೆನ್ನಾಗಿದೆ’ ಅಂದ. ವಾಪಸ್ ಕಳಿಸುವ ಅವಧಿ ಮುಗಿದಿತ್ತು. ಈಗಲೂ ಕಾಣೋ ಹಾಗೆ ಹಾಕಿಡುತ್ತೇನೆ, ಹೊಲದ ಬೆದರುಬೊಂಬೆಯಷ್ಟೇ ಅದರ ಕೆಲಸ.

ಮುಂದಿನ ವಾರ ಪರಿಚಯದ ಗ್ಯಾರೇಜಿನಲ್ಲಿ ಗೇರ್ ಲಾಕ್ ಹಾಕಿಸಿದೆ. ವಸ್ತು 1,900, ಕೂಲಿ 300. ರಿವರ್ಸ್ ಗೇರಿಗೆ ಹಾಕಿ ಬೀಗ ಒತ್ತಿದರೆ ಗೇರ್ ರಾಡ್ ಅಲುಗಲ್ಲ. ಇದರ ಬೋಲ್ಟ್ ಬಿಗಿ ಮಾಡುತ್ತಾ ಹೋದರೆ ತಲೆ ಮುರಿದು ಬೀಳುತ್ತೆ, ಹಾಗೆಂದೇ ಮಾಡಿರೋದು. ಆಮೇಲೆ ಯಾರೂ ಪಾನಾ ಹಾಕಿ ಬಿಚ್ಚೋ ಹಾಗಿಲ್ಲ. ತಲೆ ಮುರಿಯೋ ಮೊದಲು ಒಮ್ಮೆ ಎಲ್ಲಾ ಗೇರಿಗೂ ಹಾಕಿ ನೋಡಿ. ನಾವು ನೋಡಲಿಲ್ಲ. ಎರಡನೇ ಗೇರಿಗೆ ಹಾಕುವಾಗ ಬೆರಳಿನ ಗೆಣ್ಣು ಲಾಕಿನ ಅಂಚಿಗೆ ತಾಗುತ್ತೆ. ಎರಡು ತಿಂಗಳಾಯಿತು, ಇನ್ನೂ ಶಾಪ ಹಾಕುತ್ತಿದ್ದೇನೆ.

ಎಆರ್‌ಎಐ (ವಾಹನ ಪರೀಕ್ಷಿಸುವ ಸಂಸ್ಥೆ) ಒಪ್ಪಿದ ಕಳ್ಳತನ ತಡೆ ಸಾಧನ ಹಾಕಿಸಿದರೆ ವಿಮೆಯಲ್ಲಿ ರಿಯಾಯಿತಿ ಅಂತ ಗ್ಯಾರೇಜಿನವರು ಹೇಳಿದರು. ನಿಜ, ಆದರೆ ಅದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಶೇ. 2.5, ಅದೂ 500 ರೂಪಾಯಿ ಮೀರದ ಹಾಗೆ. ನನಗೆ ಆ ಪ್ರೀಮಿಯಮ್ಮೇ ಇಲ್ಲ.

ಫೆಬ್ರವರಿ 9, ಭಾನುವಾರ: ಚೋರ್ ಸ್ವಿಚ್, ಮೊದಲ ಪ್ರಯತ್ನ

ಆಟೊ ಎಲೆಕ್ಟ್ರಿಷಿಯನ್‌ಗಳು ‘ಚೋರ್ ಸ್ವಿಚ್’ ಅಂತಾರೆ. ಎಲ್ಲೋ ಒಂದು ಗುಪ್ತ ಸ್ವಿಚ್. ಅದು ಆಫ್ ಇದ್ದರೆ ಪೆಟ್ರೋಲ್ ಪಂಪ್ ಓಡಲ್ಲ. ಇದನ್ನು ನಾನೇ ಮಾಡುತ್ತೇನೆ ಅಂತ ಹಟ ಹಿಡಿದೆ.

ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಗುಂಯ್’ ಅನ್ನುತ್ತಲ್ಲ, ಅದೇ ಪಂಪ್. ಅದಕ್ಕೆ ಹೋಗುವ ದಪ್ಪ ವೈರ್ ಹುಡುಕಿ ಕತ್ತರಿಸಿ, ನಡುವೆ ಒಂದು ಟಾಗಲ್ ಸ್ವಿಚ್ ಹಾಕಿದೆ. ಎಸ್.ಪಿ. ರೋಡಿನಲ್ಲಿ 40 ರೂಪಾಯಿಯ ಸ್ವಿಚ್. ಮೈಮೇಲೆ ‘3 ಆಂಪ್, 250 ವೋಲ್ಟ್’ ಅಂತ ಬರೆದಿತ್ತು. 250 ವೋಲ್ಟ್ ತಡೆಯೋದು 12 ವೋಲ್ಟ್ ತಡೆಯಲ್ವೇ ಅಂದುಕೊಂಡೆ. ವೈರಿಗೆ ಮನೆಯಲ್ಲಿ ಬಿದ್ದಿದ್ದ ಸ್ಪೀಕರ್ ವೈರ್. ಕೀಲುಗಳನ್ನು ತಿರುಚಿ ಟೇಪ್ ಸುತ್ತಿದೆ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು, ಬಹಳ ಖುಷಿ.

ಬುಧವಾರ ಮಾರ್ಕೆಟ್ ಕಡೆಯಿಂದ ಬರುವಾಗ ಸಿರ್ಸಿ ಸರ್ಕಲ್ ಫ್ಲೈಓವರಿನ ಮೇಲೆ ಕಾರು ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು, ನಿಂತಿತು. ಹಿಂದೆ ಬಸ್ಸು. ಹಾರ್ನ್ ಅಂದರೆ ಹಾರ್ನ್. ಅಕ್ಕನ ಮಗ ಡ್ಯಾಶ್‌ಬೋರ್ಡಿನ ಅಡಿ ಕೈ ಹಾಕಿ ‘ಮಾಮ, ಸುಡ್ತಿದೆ’ ಅಂತ ಕೈ ತೆಗೆದ. ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ಕಾಂಟ್ಯಾಕ್ಟ್ ಕೂತುಹೋಗಿತ್ತು. ಆಮೇಲೆ ಅಳೆದರೆ ಪಂಪ್ ಎಳೆಯೋದು 4 ಆಂಪಿನ ಆಸುಪಾಸು. ಸ್ವಿಚ್ಚಿನ ತಾಕತ್ತು 3, ಅದೂ ಮನೆಯ ಎಸಿ ಕರೆಂಟಿನ ಲೆಕ್ಕ, ಕಾರಿನ ಡಿಸಿಯದ್ದಲ್ಲ. ಸುಟ್ಟ ಸ್ವಿಚ್ ಬಿಚ್ಚಿ ಎರಡು ವೈರ್ ನೇರ ತಿರುಚಿ ಮನೆ ಸೇರಿದೆವು.

ಪೆಟ್ರೋಲ್ ಪಂಪಿನ ವೈರಿನಲ್ಲಿ ಬಿಸಿಯಾಗುವ ಕೀಲು. ಕಳ್ಳ ಬೇಕಿರಲಿಲ್ಲ, ನಾನೇ ಕಾರು ಸುಟ್ಟುಹಾಕುತ್ತಿದ್ದೆ.

ಫೆಬ್ರವರಿ 16, ಭಾನುವಾರ: ಎರಡನೇ ಪ್ರಯತ್ನ

ಬಡಾವಣೆಯ ಹಳೇ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಕಥೆ ಹೇಳಿದೆ. ಕೇಳಿ ಬಹಳ ಹೊತ್ತು ನಕ್ಕು, ‘ಸಾರ್, ಆನೆ ಕಟ್ಟೋಕೆ ಹೋಗ್ಬೇಡಿ, ಮಾವುತನ್ನ ಹಿಡೀರಿ’ ಅಂದರು. ಪಂಪಿನ ವೈರ್ ಮುಟ್ಟಬಾರದು, ಪಂಪನ್ನು ಆನ್ ಮಾಡುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ) ಇದೆಯಲ್ಲ, ಅದರ ಕಾಯಿಲಿನ, ಅಂದರೆ ಒಳಗಿನ ತಂತಿ ಸುರುಳಿಯ, ಸಣ್ಣ ವೈರಿಗೆ ಸ್ವಿಚ್ ಹಾಕಬೇಕು ಅಂತ ಅರ್ಥ.

ಮೊದಲು ಕತ್ತರಿಸಿದ್ದ ಪಂಪಿನ ವೈರ್ ಸರಿ ಮಾಡಿದೆ. 2.5 ಚದರ ಮಿಮೀ ವೈರಿನ ತುಂಡು, ಬೆಸುಗೆ, ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ. ಟೇಪ್ ಈ ಸಲ ಇಲ್ಲ; ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದರ ಅಂಟು ಕರಗಿ ಜಿಗಟಾಗಿರೋದನ್ನು ಒಂದೇ ವಾರದಲ್ಲಿ ನೋಡಿದ್ದೆ.

ರಿಲೇ ಹುಡುಕೋಕೆ ಇಬ್ಬರು ಬೇಕು. ಒಬ್ಬರು ಕೀ ಆನ್-ಆಫ್ ಮಾಡಬೇಕು, ಇನ್ನೊಬ್ಬರು ಡ್ಯಾಶ್‌ಬೋರ್ಡಿನ ಅಡಿ ಬೆರಳಿಟ್ಟು ಯಾವುದು ‘ಟಿಕ್’ ಅನ್ನುತ್ತೆ ನೋಡಬೇಕು. ಎರಡು ರಿಲೇ ಟಿಕ್ ಅಂದವು, ನೋಡೋಕೆ ಅವಳಿ-ಜವಳಿ. ಒಂದು ಇಡೀ ಎಂಜಿನ್ ವ್ಯವಸ್ಥೆಯದು, ಇನ್ನೊಂದು ಪಂಪಿನದು. ನಾನು ಕತ್ತರಿಸಿದ್ದು ಮೊದಲನೆಯದರ ವೈರ್. ಕೀ ಹಾಕಿದರೆ ಎಂಜಿನ್ ದೀಪವೂ ಬರಲಿಲ್ಲ. ಮತ್ತೆ ಬೆಸುಗೆ. ಸರಿಯಾದದ್ದು ಗೊತ್ತುಮಾಡುವ ಗುರುತು: ಕೀ ಆನ್ ಆಗಿ ಎರಡು ಸೆಕೆಂಡಿಗೆ ಎರಡನೇ ಸಲ ‘ಟಿಕ್’ ಅಂತ ಬಿಟ್ಟುಕೊಳ್ಳುತ್ತಲ್ಲ, ಅದು ಪಂಪ್ ರಿಲೇ. ಗುಂಯ್ ಸದ್ದು ನಿಲ್ಲೋದೂ ಆಗಲೇ.

ಕಾಯಿಲ್ 85 ಓಮ್ ತೋರಿಸಿತು. ಅಂದರೆ 0.14 ಆಂಪ್ ಅಷ್ಟೇ. ಹೊಸ ಸ್ವಿಚ್, ಅದೇ 40 ರೂಪಾಯಿಯದು, ಈಗ ಅದಕ್ಕೆ ಇದು ಮಕ್ಕಳಾಟ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕಡೆಗೆ ಹೋಗುವ ಕಾಯಿಲ್ ವೈರಿನ ನಡುವೆ ಹಾಕಿದೆ. ನನ್ನ ಕಾರಿನಲ್ಲಿ ಎಂಜಿನ್ ದೀಪ ತಕರಾರು ಮಾಡಲಿಲ್ಲ. ಹೊಸ ಕಾರುಗಳಲ್ಲಿ ಇಸಿಯು ಇದನ್ನು ದೋಷ ಅಂತ ಹಿಡಿಯಬಹುದು. ವಾರಂಟಿ ಇರುವ ಗಾಡಿಯ ವೈರನ್ನಂತೂ ಕತ್ತರಿಸಲೇಬೇಡಿ. ಅಂಥ ಕಾರುಗಳ ಕೀಯಲ್ಲಿ ಚಿಪ್ ಇರುತ್ತೆ, ಈ ಸರ್ಕಸ್ಸೂ ಬೇಕಿಲ್ಲ.

ಸ್ವಿಚ್ ಆಫ್ ಇಟ್ಟು ಕೀ ತಿರುಗಿಸಿದರೆ ಏನಾಗುತ್ತೆ? ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಎಂಜಿನ್ ಸ್ಟಾರ್ಟ್ ಆಗುತ್ತೆ! ಎದೆ ಧಸಕ್ಕೆಂದಿತು. ನಾಲ್ಕು ಸೆಕೆಂಡ್ ಓಡಿ ಸತ್ತುಹೋಯಿತು. ಮತ್ತೆ ತಿರುಗಿಸಿದರೆ ಬರೀ ಕ್ರ್ಯಾಂಕ್ ಆಗುತ್ತೆ, ಉಸಿರಿಲ್ಲ. ಹಳೇ ಕಾರು ಕೈಕೊಟ್ಟ ಹಾಗೇ ಕಾಣುತ್ತೆ. ಇದಕ್ಕಿಂತ ಒಳ್ಳೇ ನಾಟಕ ನಾನು ಬರೆಯಲಾರೆ.

ಸ್ವಿಚ್ ಎಲ್ಲಿ ಇಡಬೇಕು ಅನ್ನೋದು ಬೇರೆಯೇ ಪುರಾಣ. ಮೊದಲು ಇಟ್ಟ ಜಾಗ ಬಲು ಜಾಣತನದ್ದು ಅಂದುಕೊಂಡಿದ್ದೆ. ಅಕ್ಕನ ಮಗನಿಗೆ ಕೀ ಕೊಟ್ಟು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ನಲವತ್ತು ಸೆಕೆಂಡ್. ‘ಇಪ್ಪತ್ತೆರಡು ವರ್ಷದ ಕಾರಲ್ಲಿ ಹೊಸ ಕೆಂಪು ವೈರ್ ಒಂದೇ ಇದೆ ಮಾಮ’ ಅಂದ. ಕಪ್ಪು ವೈರ್ ಹಾಕಿ, ಹಳೇ ವೈರ್ ಕಟ್ಟಿನ ಜೊತೆಗೇ ಬಟ್ಟೆ ಟೇಪ್ ಸುತ್ತಿ, ಮೇಲೊಂದಿಷ್ಟು ಧೂಳು ಉಜ್ಜಿ, ಬೇರೆ ಜಾಗದಲ್ಲಿ ಕೂರಿಸಿದೆ. ಎರಡನೇ ಸಲ ಇಪ್ಪತ್ತೈದು ನಿಮಿಷ ಹುಡುಕಿ ಕೈಬಿಟ್ಟ. ಆ ಜಾಗ ಇಲ್ಲಿ ಬರೆಯಲ್ಲ, ಕ್ಷಮಿಸಿ. ನಿಮ್ಮದೂ ಯಾರಿಗೂ ಹೇಳಬೇಡಿ. ಎರಡು ಸ್ವಿಚ್ಚಿಗೆ 80; ವೈರ್, ಹೀಟ್‌ಶ್ರಿಂಕ್, ಬೆಸುಗೆ ಸೀಸಕ್ಕೆ ಬೇರೆ 260.

ಫೆಬ್ರವರಿ 23ರಿಂದ ಮಾರ್ಚ್ 6: ಟ್ರ್ಯಾಕರ್, ಕ್ಯಾಮೆರಾ, ಸತ್ತ ಬ್ಯಾಟರಿ

ಇಲ್ಲಿ ದುಡ್ಡು ಸುರಿದೆ. ಒಂದು ವರ್ಷದ ಸಿಮ್ ಸೇರಿ ಜಿಪಿಎಸ್ ಟ್ರ್ಯಾಕರ್ 2,200. ಡ್ಯಾಶ್‌ಕ್ಯಾಮ್ 3,400, ನಿಂತ ಕಾರಿನಲ್ಲೂ ಓಡಿಸುವ ವೈರಿಂಗ್ ಕಿಟ್ 700.

ಟ್ರ್ಯಾಕರನ್ನು ಗ್ಲೋವ್ ಬಾಕ್ಸಿನ ಹಿಂದೆ ಕಬ್ಬಿಣದ ಪಟ್ಟಿಗೆ ಕಟ್ಟಿದೆ. ಮೇಲೆ ತಗಡು, ಕೆಳಗೆ ತಗಡು. ಕಳ್ಳನಿಗೂ ಕಾಣಲ್ಲ, ಆಕಾಶದ ಉಪಗ್ರಹಕ್ಕೂ ಕಾಣಲ್ಲ. ಆ್ಯಪ್‌ನಲ್ಲಿ ಕಾರು ಒಮ್ಮೆ ಮನೆ ಮುಂದೆ, ಒಮ್ಮೆ ಎರಡು ಬೀದಿ ಆಚೆಯ ಕಲ್ಯಾಣ ಮಂಟಪದಲ್ಲಿ. ಒಂದು ರಾತ್ರಿ 2.40ಕ್ಕೆ ‘ವಾಹನ ಗಡಿ ದಾಟಿದೆ’ ಅಂತ ಮೊಬೈಲ್ ಕೂಗಿತು. ಲುಂಗಿ ಎತ್ತಿಕಟ್ಟಿಕೊಂಡು ಸ್ಟೀರಿಂಗ್ ರಾಡ್ ಹಿಡಿದು ಓಡಿದೆ (ಹೊಡೆಯೋಕೆ ಚೆನ್ನಾಗಿದೆ ಅಂದಿದ್ದನಲ್ಲ). ಕಾರು ಅಲ್ಲೇ ಇತ್ತು, ಮೇಲೊಂದು ನಾಯಿ ಮಲಗಿತ್ತು. ಮಾರನೇ ದಿನ ಟ್ರ್ಯಾಕರನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಕೆಳಗೆ, ಬಾಣದ ಗುರುತು ಮೇಲಕ್ಕಿರುವ ಹಾಗೆ ಅಂಟಿಸಿದೆ. ಕಾರು ದಾಟಿದರೆ ಮೊಬೈಲ್ ಕೂಗುವ ಗಡಿಯನ್ನೂ 50ರಿಂದ 200 ಮೀಟರಿಗೆ ಏರಿಸಿದೆ. ಆಮೇಲೆ ನಿದ್ದೆ ಕೆಟ್ಟಿಲ್ಲ.

ಮಾರ್ಚ್ 6, ಗುರುವಾರ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಭಾನುವಾರ ಸಂಜೆ ನಿಲ್ಲಿಸಿದ್ದ ಕಾರು. ಬ್ಯಾಟರಿ 11.3 ವೋಲ್ಟ್. ಹೊರಗೆ ತೆಗೆದು ಚಾರ್ಜ್ ಮಾಡಿಸಿದ್ದಕ್ಕೆ 150.

ಯಾರು ಕುಡಿಯುತ್ತಿದ್ದಾರೆ ಅಂತ ಅಳೆಯಲು ನೆಗೆಟಿವ್ ಟರ್ಮಿನಲ್ ಬಿಚ್ಚಿ ನಡುವೆ ಮಲ್ಟಿಮೀಟರನ್ನು 10 ಆಂಪ್ ತೂತಿಗೆ ಹಾಕಿದೆ. ಎಲ್ಲಾ ಸರಿ. ಅಷ್ಟರಲ್ಲಿ ‘ಸ್ಟಾರ್ಟ್ ಆಗುತ್ತಾ ನೋಡು’ ಅಂತ ಬಾಯಿ ತಪ್ಪಿ ಅಂದುಬಿಟ್ಟೆ, ಅಕ್ಕನ ಮಗ ಕೀ ತಿರುಗಿಸಿದ. ಸ್ಟಾರ್ಟರ್ ಮೋಟಾರಿನ ಕರೆಂಟು ಮೀಟರಿನೊಳಗಿಂದ! ಮೀಟರಿನ ಫ್ಯೂಸ್ ಹಾರಿತು, 60 ರೂಪಾಯಿ. ಮೀಟರ್ ಉಳಿದದ್ದೇ ಪುಣ್ಯ.

ಹೊಸ ಫ್ಯೂಸ್ ಹಾಕಿ, ಬಾಗಿಲು ಮುಚ್ಚಿ, ಹತ್ತು ನಿಮಿಷ ಬಿಟ್ಟು ನೋಡಿದ ಲೆಕ್ಕ: ಏನೂ ಇಲ್ಲದಾಗ ಕಾರು ತಾನೇ ಎಳೆಯೋದು 12 ಮಿಲಿಆಂಪ್. ಟ್ರ್ಯಾಕರ್ ಸೇರಿದರೆ 58. ಕ್ಯಾಮೆರಾನೂ ಸೇರಿದರೆ 330. ದಿನಕ್ಕೆ ಹೆಚ್ಚುಕಡಿಮೆ 8 ಆಂಪ್-ಅವರ್. ನನ್ನದು 35 ಆಂಪ್-ಅವರ್ ಬ್ಯಾಟರಿ, ಅದೂ ಮುದಿ. ವೋಲ್ಟೇಜ್ ಇಳಿದಾಗ ಕ್ಯಾಮೆರಾ ನಿಲ್ಲಿಸುವ ವ್ಯವಸ್ಥೆ ಕಿಟ್ಟಿನಲ್ಲೇ ಇತ್ತು. ‘ಹೆಚ್ಚು ಹೊತ್ತು ರೆಕಾರ್ಡ್ ಆಗಲಿ’ ಅಂತ ಅದನ್ನು 11.6ಕ್ಕೆ ಇಟ್ಟವನು ನಾನೇ. 11.6 ಅಂದರೆ ಮಡಕೆ ತಳ ಕಂಡಾಯಿತು ಅಂತ. 12.2ಕ್ಕೆ ಇಡಬೇಕಿತ್ತು.

ನಾಲ್ಕು ದಿನ ಬ್ಯಾಟರಿ ಹೀರಿ ಕ್ಯಾಮೆರಾ ಹಿಡಿದದ್ದು ಏನು? ಹಾಲಿನವರು, ಒಂದು ಬೆಕ್ಕು, ಬಾನೆಟ್ ಮೇಲೆ ಕೂತು ಫೋನಿನಲ್ಲಿ ಮಾತಾಡಿದ ಒಬ್ಬ ಹುಡುಗ. ಕ್ಯಾಮೆರಾ ಈಗ ಕೀ ಆನ್ ಇದ್ದಾಗ ಮಾತ್ರ ಓಡುತ್ತೆ, ನಿಲ್ಲಿಸಿದಾಗ ಬಿಚ್ಚಿ ಮನೆಗೆ ತರುತ್ತೇನೆ. ಹೊರಗಿಂದ ಕಾಣುವ ಇನ್ನೊಂದು ಬೆಲೆಬಾಳುವ ವಸ್ತು ಯಾಕೆ? ಆ 4,100 ರೂಪಾಯಿಯನ್ನು ದಂಡ ಅಂತಲೇ ಬರೆದುಕೊಂಡಿದ್ದೇನೆ.

ಟ್ರ್ಯಾಕರಿನ 46 ಮಿಲಿಆಂಪ್ ಕೂಡ ನನ್ನದೇ ಪ್ರಸಾದ. ಕಾರು ನಿಂತಿದೆಯೋ ಓಡುತ್ತಿದೆಯೋ ತಿಳಿಯಲು ಅದಕ್ಕೊಂದು ವೈರ್ ಇದೆ, ಇಗ್ನಿಷನ್‌ಗೆ ಕೊಡಬೇಕು. ನಾನು ಅದನ್ನೂ ಬ್ಯಾಟರಿಗೇ ಕೊಟ್ಟಿದ್ದೆ. ಕಾರು ಸದಾ ಓಡುತ್ತಲೇ ಇದೆ ಅಂದುಕೊಂಡು ಪಾಪ ಅದು ಮಲಗುತ್ತಲೇ ಇರಲಿಲ್ಲ. ಸರಿಪಡಿಸಿದ ಮೇಲೆ ನಿಂತಾಗ 9 ಮಿಲಿಆಂಪ್. ಕಾರಿನ 12 ಸೇರಿ 21, ದಿನಕ್ಕೆ ಅರ್ಧ ಆಂಪ್-ಅವರ್. ಒಂದು ವಾರ ಬಿಟ್ಟು ನೋಡಿದೆ, ಕೀ ಒಂದೇ ಸಲ ತಿರುಗಿಸಿದ್ದಕ್ಕೆ ಸ್ಟಾರ್ಟ್.

ಗ್ಯಾರೇಜಿನವರು ಕಾರಿನ ಅಡಿಯೂ ನೋಡಿಕೊಳ್ಳಿ ಅಂದರು. ಮಾರುತಿ ಈಕೊ ವ್ಯಾನುಗಳ ಸೈಲೆನ್ಸರ್ ಕಳುವಿನ ಸುದ್ದಿ ಕೇಳಿರಬಹುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗಿನ ಪ್ಲಾಟಿನಂ, ಪಲೇಡಿಯಂ ಜಾತಿಯ ಲೋಹಕ್ಕಾಗಿ. 800ರ ಕೆಳಗೆ ನುಸುಳಲು ಕಳ್ಳ ಬಳುಕೋ ಬಳ್ಳಿಯಂತಿರಬೇಕು. ಅದನ್ನು ಬಿಟ್ಟುಬಿಟ್ಟೆ.

ಖರ್ಚು

ಗಾಜು, ರಬ್ಬರ್ 1,000. ಮನೆ ಬೀಗ 1,650. ಸ್ಟೀರಿಂಗ್ ರಾಡ್ 850. ಗೇರ್ ಲಾಕ್ 2,200. ಚೋರ್ ಸ್ವಿಚ್ ಬಾಬತ್ತು 340. ಟ್ರ್ಯಾಕರ್ 2,200. ಕ್ಯಾಮೆರಾ ದಂಡ 4,100. ಮೀಟರ್ ಫ್ಯೂಸ್ 60, ಬ್ಯಾಟರಿ ಚಾರ್ಜ್ 150. ಒಟ್ಟು 12,550. ಗಾಜು, ಮನೆ ಬೀಗ, ಕ್ಯಾಮೆರಾ, ಸ್ಟೀರಿಂಗ್ ರಾಡ್, ಫ್ಯೂಸ್, ಚಾರ್ಜು ಕಳೆದರೆ ನಿಜವಾಗಿ ಕಾವಲಿಗೆ ಹೋದದ್ದು 4,740. ಸೀಟಿನ ಮೇಲೆ ಏನೂ ಬಿಡದಿರೋದಕ್ಕೆ ಸೊನ್ನೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೆಳಿಗ್ಗೆ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಬನಶಂಕರಿ ದೇವಸ್ಥಾನಕ್ಕೆ ಹೊರಟೆವು. ಅಪ್ಪ ‘ಇವತ್ತು ನಾನೇ ಓಡಿಸ್ತೀನಿ’ ಅಂತ ಕೀ ಇಸಿದುಕೊಂಡರು. ಗೇರ್ ಲಾಕ್ ತೆಗೆದರು, ರಾಡ್ ತೆಗೆದರು, ಸ್ಟಾರ್ಟ್ ಮಾಡಿದರು. ಕಾರು ಗೇಟಿನಿಂದ ಒಂದು ಮಾರು ಮುಂದೆ ಹೋಗಿ ನಡುರಸ್ತೆಯಲ್ಲಿ ಸತ್ತಿತು. ಹಿಂದೆ ಆಟೊ, ಅದರ ಹಿಂದೆ ಇನ್ನೊಂದು. ನಾನು ಹಿಂದಿನ ಸೀಟಿನಿಂದ ‘ಅಪ್ಪ, ಸ್ವಿಚ್...’ ಅಂದೆ. ‘ಯಾವ ಸ್ವಿಚ್ಚೋ?’ ಅಂದರು. ಅವರಿಗೆ ಹೇಳಿಯೇ ಇರಲಿಲ್ಲ. ಆಟೊದವರ ಮುಂದೆ ಜೋರಾಗಿ ಹೇಳೋ ಹಾಗೂ ಇಲ್ಲ. ಇಳಿದು ಮುಂದೆ ಹೋಗಿ, ಅವರ ಕಿವಿಯಲ್ಲಿ ಮಂತ್ರೋಪದೇಶದ ಹಾಗೆ ಜಾಗ ಹೇಳಿದೆ. ಅವರು ಕೈ ಹಾಕಿ ಒತ್ತಿ, ಮೀಸೆಯಲ್ಲೇ ನಕ್ಕು, ‘ಇಲ್ಲಿ ಇಟ್ಟಿದ್ದೀಯಾ!’ ಅಂದರು. ಬೀದಿಗೆಲ್ಲಾ ಕೇಳಿಸುವ ಹಾಗೆ.

ಹಿಂದಿನ ಎಡ ಬಾಗಿಲಿನಲ್ಲಿ ಹಂಪ್ ಹತ್ತಿದಾಗೆಲ್ಲಾ ಇನ್ನೂ ‘ಕಿಣಿ’ ಅನ್ನುತ್ತೆ, ಎಲ್ಲೋ ಒಂದು ಗಾಜಿನ ಚೂರು ಉಳಿದಿದೆ. ಮುಂದಿನ ಭಾನುವಾರ ಪ್ಯಾಡ್ ಮತ್ತೆ ಬಿಚ್ಚಬೇಕು. ಪಂಚೆಯ ಪಟ್ಟಿ ಎತ್ತಿಟ್ಟಿದ್ದೇನೆ.